ಶಹಾಡಿಗೆ ಹೋಗಿದ್ದ ಮಂಚ

ಬಸಳೆಯ ದಂಟನ್ನು ಬೆರಳುದ್ದಕ್ಕೆ ಹೆಚ್ಚಿ ಒಂದು ಕಡೆ, ಎಲೆಗಳನ್ನು ಇನ್ನೊಂದು ಕಡೆ ಹಾಕುತ್ತ ಕೂತಿದ್ದೆ. ನಮ್ಮ ಡೊಂಬಿವಲಿಯ ಮಾರ್ಕೆಟ್ಟಿನಲ್ಲಿ ಬಸಳೆಗೆ ಮಾಯಾಳು ಎನ್ನುತ್ತಾರೆ. ಒಳ್ಳೆಯದು ಸಿಗುವುದು ಅಪರೂಪ, ಸಿಕ್ಕಿದ ದಿನ ನನಗೆ ಹಬ್ಬ. ನಮ್ಮವರು ಆಫೀಸಿಗೆ ಹೊರಟುಹೋಗಿದ್ದರು, ದೇವರಿಗೆ ದೀಪ ಇಟ್ಟಾಗಿತ್ತು, ಕುಕ್ಕರಿನಲ್ಲಿ ತೊಗರಿಬೇಳೆ ಬೇಯುತ್ತಿತ್ತು. ಆಗ ಫೋನು ಬಂತು. ಸೊಪ್ಪಿನ ಲೋಳೆ ಹತ್ತಿದ ಕೈಯಲ್ಲೇ ಎತ್ತಿದೆ.

"ಆಂಟಿ, ಶಹಾಡ್ ವಾಲೀ ಬೋಲ್ ರಹೀ ಹೂಂ. ವೋ ಬೆಡ್ ಹೈ ನಾ, ಮಮ್ಮಿ ಬೋಲೀ, ಆಜ್ ಹೀ ವಾಪಸ್ ಲೇಕೆ ಜಾವೊ. ಪಪ್ಪಾ ಕಾ..."

ಅಷ್ಟರಲ್ಲಿ ಲೈನು ಕಡಿದುಹೋಯಿತು. ಹಿಂದಿನಿಂದ ರೈಲಿನ ಸದ್ದು ಕೇಳುತ್ತಿತ್ತು. ಆ ಹುಡುಗಿ ಶಹಾಡಿನಿಂದ ಥಾಣೆಯ ಕಾಲೇಜಿಗೆ ಹೋಗುವವಳು, ಮುಂಬ್ರಾ ದಾಟಿ ರೈಲು ಸುರಂಗಕ್ಕೆ ಹೊಕ್ಕಿರಬೇಕು ಎಂದುಕೊಂಡೆ. ಸುರಂಗ ದಾಟುವಷ್ಟು ಹೊತ್ತು ಕಾದು ತಿರುಗಿ ಮಾಡಿದರೆ ಸ್ವಿಚ್ ಆಫ್ ಎಂದಿತು. ಅವಳ ತಾಯಿಗೆ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಇನ್ನೊಮ್ಮೆ ಮಾಡಿದೆ. ಆಗಲೂ ಯಾರೂ ಎತ್ತಲಿಲ್ಲ.

ಮಂಚವನ್ನು ಇವತ್ತೇ ವಾಪಸು ತೆಗೆದುಕೊಂಡು ಹೋಗಿ ಎಂದು ಅಮ್ಮ ಹೇಳಿಸಿದ್ದಕ್ಕೆ, 'ಅಪ್ಪನ' ಎಂಬಲ್ಲಿಗೆ ಮಾತು ಕಡಿದದ್ದಕ್ಕೆ ನಾನು ಯಾಕೆ ಹೆದರಿದೆ ಎಂದು ತಿಳಿಯಬೇಕಾದರೆ ಮೊದಲು ಆ ಮಂಚದ ವಿಷಯ ಹೇಳಬೇಕು.

ನಮ್ಮವರು ಇಲ್ಲಿಯ ಒಂದು ಸೇವಾ ಕ್ಲಬ್ಬಿನ ಸದಸ್ಯರು. ವರ್ಷಕ್ಕೊಬ್ಬರು ಅಧ್ಯಕ್ಷರು, ಅವರ ಕೊರಳಿಗೊಂದು ಪಟ್ಟಿ, ತಿಂಗಳಿಗೊಂದು ಮೀಟಿಂಗು, ಮೀಟಿಂಗಿನ ಕೊನೆಗೆ ಯಾರಾದರೊಬ್ಬರ ಹೋಟೆಲಿನ ಊಟ. ಕಣ್ಣಿನ ಶಿಬಿರ ಮಾಡುತ್ತಿದ್ದರು, ರಕ್ತದಾನ ಮಾಡಿಸುತ್ತಿದ್ದರು, ಮಳೆಗಾಲ ಹಿಡಿಯುವ ಮೊದಲು ಭಿವಂಡಿಯ ಕಡೆ ಮಗ್ಗದ ಕೆಲಸದವರ ಮಕ್ಕಳಿಗೆ ಪುಸ್ತಕ ಹಂಚುತ್ತಿದ್ದರು. ಎಲ್ಲದಕ್ಕೂ ಬ್ಯಾನರು ಬೇಕೇ ಬೇಕು. ಬ್ಯಾನರು ಹಿಡಿಯಲು ನಾಲ್ಕು ಮಂದಿ ಓಡಿ ಬರುತ್ತಿದ್ದರು, ಟೇಬಲು ಎತ್ತುವ ಹೊತ್ತಿಗೆ ಒಬ್ಬರೂ ಕಾಣುತ್ತಿರಲಿಲ್ಲ. ಹೀಗೆ ಬರೆದೆನೆಂದು ಅವರಾರೂ ಬೇಸರಪಡಲಾರರು, ಎದುರಿಗೇ ಹೇಳಿ ನಗಿಸಿದ್ದೇನೆ.

ಒಂದು ವರ್ಷ ಅವರಿಗೆ ನಿಜಕ್ಕೂ ಒಳ್ಳೆಯ ಬುದ್ಧಿ ಬಂತು. ಮನೆಯಲ್ಲಿ ಮಲಗಿದ ರೋಗಿಗಳಿಗೆ ಬೇಕಾಗುವ ಸಾಮಾನು ಇಟ್ಟುಕೊಂಡು, ಕೇಳಿದವರಿಗೆ ಬಾಡಿಗೆಯಿಲ್ಲದೆ ಕೊಡುವುದು, ಕೆಲಸ ಮುಗಿದ ಮೇಲೆ ವಾಪಸು ತರುವುದು. ಗಾಲಿಕುರ್ಚಿ, ವಾಕರು, ಗಾಳಿ ತುಂಬಿಸುವ ಹಾಸಿಗೆ, ಮತ್ತೆ ಹ್ಯಾಂಡಲ್ ತಿರುಗಿಸಿದರೆ ತಲೆಯ ಭಾಗ ಮೇಲೇಳುವ ಆಸ್ಪತ್ರೆಯ ಮಂಚ ಒಂದು. ಎಲ್ಲ ಬಂತು. ಇಡುವುದೆಲ್ಲಿ? ಕ್ಲಬ್ಬಿಗೆ ಸ್ವಂತ ಜಾಗ ಇಲ್ಲ. ಸದಸ್ಯರಲ್ಲಿ ನೆಲ ಅಂತಸ್ತಿನ ಫ್ಲ್ಯಾಟು ಇದ್ದದ್ದು ನಮಗೊಬ್ಬರಿಗೇ, ಹಿಂದುಗಡೆ ಶೀಟು ಹಾಕಿದ ಸಣ್ಣ ಜಾಗವೂ ಇತ್ತು. ಹೀಗೆ ನನ್ನನ್ನು ಯಾರೂ ಕೇಳದೆ ನಾನು ಉಗ್ರಾಣದವಳಾದೆ.

ಸೊಸೈಟಿಯ ಸೆಕ್ರೆಟರಿ ಮರಾಠಿಯವರು. ಒಂದು ಬೆಳಗ್ಗೆ ಬಂದು ಹಿಂದೆ ಇಣುಕಿ, "ವಹಿನೀ, ಹೇ ಘರ್ ಆಹೇ ಕೀ ದವಾಖಾನಾ?" ಅತ್ತಿಗೆ, ಇದು ಮನೆಯೋ ಆಸ್ಪತ್ರೆಯೋ ಎಂದರು. ಮೂರನೆಯ ತಿಂಗಳಿಗೆ ಅವರ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ವಾಕರು ಬೇಕಾಯಿತು. ಆಮೇಲೆ ಅವರು ಆ ಮಾತು ಎತ್ತಲಿಲ್ಲ.

ಸಾಮಾನು ವಾಪಸು ಬಂದರೆ ನನ್ನದೊಂದು ಕ್ರಮ ಇತ್ತು. ಬಿಸಿನೀರು, ಫಿನಾಯಿಲು ಹಾಕಿ ಉಜ್ಜಿ ತೊಳೆದು ಬಿಸಿಲಿಗಿಡುವುದು. ಒಣಗಿದ ಮೇಲೆ ಅರಸಿನ ನೀರು ಚಿಮುಕಿಸಿ, ಒಂದು ಬೊಟ್ಟು ಕುಂಕುಮ ಇಟ್ಟು, ಇನ್ನು ಹೋಗುವ ಮನೆಗೆ ಒಳ್ಳೆಯದಾಗಲಿ ಎಂದು ಕೈಮುಗಿಯುವುದು. ಆಯುಧಪೂಜೆಯ ದಿನ ಗಾಲಿಕುರ್ಚಿಯ ಚಕ್ರಕ್ಕೂ ಕುಂಕುಮ ಹಚ್ಚಿದ್ದೆ. "ಒಂದು ಲಿಂಬೆಹಣ್ಣೂ ಕಟ್ಟು ಮಾರಾಯ್ತಿ, ಟ್ರಕ್ಕಿಗೆ ಕಟ್ಟಿದ ಹಾಗೆ," ಎಂದು ನಮ್ಮವರು ನಕ್ಕರು. ನಗಲಿ. ನನ್ನ ಮನೆಯಿಂದ ಹೊರಟ ವಸ್ತು ಬರಿದೇ ಹೋಗಬಾರದು.

ವಾಕರುಗಳು ನಗುತ್ತ ವಾಪಸು ಬರುತ್ತಿದ್ದವು. ಕೊಂಡುಹೋದವರೇ ಕೈಯಲ್ಲಿ ಹಿಡಿದು ನಡೆದು ಬಂದು, ಜೊತೆಗೆ ಒಂದು ಡಬ್ಬಿ ಲಡ್ಡು ಇಟ್ಟು ಹೋದದ್ದೂ ಇದೆ. ಮಂಚ ಮಾತ್ರ ಹಾಗಲ್ಲ. ಆಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದವರ ಮನೆಗೇ ಅದು ಹೋಗುತ್ತಿತ್ತು. ವಾಪಸು ತರುವಾಗ ಟೆಂಪೋದಲ್ಲಿ ಬಂದ ಮನೆಯವರ ತಲೆ ಬೋಳಿಸಿರುತ್ತಿತ್ತು. ಕ್ಲಬ್ಬಿನಲ್ಲೂ ಅದೊಂದು ಪದ್ಧತಿಯೇ ಆಯಿತು. ಮಂಚ ಬಂತು ಎಂದು ಗೊತ್ತಾದರೆ ಆ ತಿಂಗಳ ಮೀಟಿಂಗಿನ ಮೊದಲಿಗೆ ಎಲ್ಲರೂ ಎದ್ದು ನಿಂತು ಎರಡು ನಿಮಿಷ ಮೌನ. ಯಾರು ಹೋದರು, ಹೇಗೆ ಹೋದರು ಎಂದು ಆಮೇಲೆ ಊಟದ ಹೊತ್ತಿಗೆ ವಿಚಾರಿಸುತ್ತಿದ್ದರು.

ಇಂಥ ಮಂಚವನ್ನು ಕೇಳಿಕೊಂಡು ಶಹಾಡಿನಿಂದ ಆ ಹುಡುಗಿಯ ತಾಯಿ ಬಂದದ್ದು.

ಅವಳ ಗಂಡ ಕಲ್ಯಾಣದಲ್ಲಿ ನಮ್ಮ ಆ ವರ್ಷದ ಅಧ್ಯಕ್ಷರ ಹೋಟೆಲಿನಲ್ಲಿಯೇ ಗಲ್ಲದಲ್ಲಿ, ಅಂದರೆ ಹಣ ತೆಗೆದುಕೊಳ್ಳುವ ಕೌಂಟರಿನಲ್ಲಿ, ಕೂರುತ್ತಿದ್ದವರು. ಉಡುಪಿಯ ಕಡೆಯವರು, ನಗಿಸುವ ಬಾಯಿ, ಗಿರಾಕಿಗಳಿಗೆಲ್ಲ ಬೇಕಾದವರು. ಒಂದು ಬೆಳಗ್ಗೆ ಕೂತಲ್ಲಿಯೇ ಒಂದು ಬದಿಗೆ ವಾಲಿದರು. ಲಕ್ವ ಹೊಡೆದಿತ್ತು. ಆಸ್ಪತ್ರೆಯಲ್ಲಿ ಜೀವ ಉಳಿಸಿದರು, ಆದರೆ ಬಲಗೈ, ಬಲಗಾಲು, ಮಾತು, ಮೂರೂ ಹೋಗಿತ್ತು. ಎಲ್ಲಕ್ಕಿಂತ ದೊಡ್ಡ ಭಯ ಗಂಟಲಿನದ್ದು. ನುಂಗುವ ಶಕ್ತಿ ಅರ್ಧ ಮಾತ್ರ. ಮಲಗಿಸಿ ಗಂಜಿ ಕೊಟ್ಟರೆ ಶ್ವಾಸಕೋಶಕ್ಕೆ ಹೋಗುತ್ತದೆ, ಒಮ್ಮೆ ಹಾಗಾಗಿ ಕಫ ಕಟ್ಟಿದೆ, ಇನ್ನೊಮ್ಮೆ ಆದರೆ ಕಷ್ಟ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ತಲೆಯ ಭಾಗ ಎತ್ತರಿಸಿ, ಬೆನ್ನಿಗೆ ಗಟ್ಟಿ ಆಧಾರ ಕೊಟ್ಟೇ ಪ್ರತಿ ತುತ್ತೂ ಕೊಡಬೇಕು. ಅವರದ್ದು ಒಂದೇ ಕೋಣೆಯ ಮನೆ, ಮನೆಯಲ್ಲಿ ಅವಳು ಮತ್ತು ಮಗಳು. ದಿಂಬು ಇಟ್ಟರೆ ಅವರು ಜಾರುತ್ತಿದ್ದರು. ಅವಳು ಗಂಡನ ಬೆನ್ನಿಗೆ ಬೆನ್ನು ಕೊಟ್ಟು ಕೂತು, ಮಗಳು ಚಮಚದಲ್ಲಿ ಹಾಕುತ್ತಿದ್ದಳಂತೆ.

ಅಧ್ಯಕ್ಷರು ಅವಳನ್ನೂ ಒಂದು ಟೆಂಪೋವನ್ನೂ ಕರೆದುಕೊಂಡು ಬಂದರು. ನಾನು ಮಂಚವನ್ನು ತೊಳೆದು ಒಣಗಿಸಿ ಇಟ್ಟಿದ್ದೆ. ಅವಳು ಕಬ್ಬಿಣದ ಅಂಚನ್ನು ಕೈಯಿಂದ ಮುಟ್ಟಿ ನೋಡಿದಳು. ಹ್ಯಾಂಡಲ್ ತಿರುಗಿಸಿ ತೋರಿಸಿದೆ. ತಲೆಯ ಭಾಗ ನಿಧಾನಕ್ಕೆ ಎದ್ದಾಗ ಅವಳ ಮುಖವೂ ಸ್ವಲ್ಪ ಅರಳಿತು. ಮತ್ತೆ ನನ್ನ ಕಡೆ ತಿರುಗಿದಳು. ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಕ್ಕ, ಒಂದು ಮಾತು ಕೇಳ್ತೇನೆ, ಬೇಸರ ಮಾಡ್ಬೇಡಿ. ಇದರಲ್ಲಿ ಮಲಗಿದವರು ಯಾರಾದ್ರೂ ತೀರಿಕೊಂಡದ್ದುಂಟಾ?"

"ಛೆ ಛೆ!" ಎಂದರು ಅಧ್ಯಕ್ಷರು. "ಹೊಸತರ ಹಾಗೆ ಉಂಟು ನೋಡಿ. ಪೇಂಟು ಕೂಡ ಹೋಗ್ಲಿಲ್ಲ."

ಅವಳು ಅವರ ಕಡೆ ನೋಡಲೇ ಇಲ್ಲ. ಅವಳ ಹಿಂದಿನಿಂದ ಅವರು ನನಗೆ ಕಣ್ಣು ಮಾಡಿದರು, ಕೈ ಮಾಡಿದರು. ನನ್ನ ಎದುರಿಗೆ, ತೆರೆದ ಹಿಂಬಾಗಿಲಿನ ಒಳಗೆ, ಗೋಡೆಯಲ್ಲಿ ದೇವರ ಗೂಡು, ಬೆಳಗ್ಗೆ ಇಟ್ಟ ದೀಪ ಇನ್ನೂ ಉರಿಯುತ್ತಿತ್ತು.

"ಉಂಟು ತಂಗಿ. ಸುಳ್ಳು ಹೇಳುವುದಿಲ್ಲ," ಎಂದೆ.

"ಎದ್ದವರು?"

"ಇದರಿಂದ ಎದ್ದವರು ಇನ್ನೂ ಇಲ್ಲ."

ಅವಳು ಅಂಚಿನಿಂದ ಕೈ ತೆಗೆದಳು. "ಹಾಗಾದ್ರೆ ಬೇಡ ಅಕ್ಕ."

"ಆಸ್ಪತ್ರೆಯ ಮಂಚದಲ್ಲಿ ಎಷ್ಟು ಜನ ಹೋಗಿರ್ತಾರೆ, ಅಲ್ಲಿ ಮಲಗಿಸಲಿಲ್ಲವಾ?" ಎಂದು ಕೇಳಿದೆ.

"ಆಸ್ಪತ್ರೆಯದ್ದು ಆಸ್ಪತ್ರೆಯಲ್ಲೇ ಇರ್ತದೆ. ಇದು ನನ್ನ ಹೊಸ್ತಿಲು ದಾಟಿ ಒಳಗೆ ಬರ್ತದಲ್ಲ."

ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆನೋ ಏನೋ. ಅಧ್ಯಕ್ಷರು ನನ್ನನ್ನು ಅಡಿಗೆಮನೆಯ ಕಡೆ ಕರೆದು, "ಅತ್ತಿಗೆ, ನೀವೇನು ಕೋರ್ಟಿನಲ್ಲಿ ಸಾಕ್ಷಿ ಹೇಳ್ಲಿಕ್ಕೆ ನಿಂತದ್ದಾ? ಅವನಿಗೆ ಇವತ್ತು ರಾತ್ರಿಯ ಊಟ ಹೇಗೆ ಕೊಡುವುದು ಹೇಳಿ," ಎಂದು ಗದರಿದರು. ಅವರ ಕಣ್ಣಲ್ಲಿ ನೀರಿತ್ತು. ಬ್ಯಾನರಿನ ಮನುಷ್ಯ ಎಂದು ನಾನು ಎಷ್ಟು ತಮಾಷೆ ಮಾಡಿದರೂ, ತನ್ನ ಗಲ್ಲದ ಮನುಷ್ಯನಿಗಾಗಿ ಅವರು ಅಷ್ಟು ದಿನದಿಂದ ಓಡಾಡಿದ್ದು ನನಗೆ ಗೊತ್ತಿತ್ತು. ಹೋಟೆಲಿನಲ್ಲಿ ಊಟದ ರಷ್ಷಿನ ಹೊತ್ತೆಂದು ಅವರು ಹೊರಟರು. ಟೆಂಪೋದವನಿಗೆ ಕಾಯಲು ಹೇಳಿದರು.

ಅವಳು ಹಿಂದಿನ ಮೆಟ್ಟಲಿನಲ್ಲಿ ಕೂತು ಸೆರಗಿನಿಂದ ಮುಖ ಒರೆಸುತ್ತಿದ್ದಳು. ಖಾಲಿ ಟೆಂಪೋದಲ್ಲಿ ಹೋಗಲೂ ಮನಸ್ಸಿಲ್ಲ, ಮಂಚ ಒಯ್ಯಲೂ ಧೈರ್ಯ ಇಲ್ಲ. ಎಬ್ಬಿಸಿ ಒಳಗೆ ಕರೆದು ಅನ್ನ ಸಾರು ಬಡಿಸಿದೆ. ಅವಳು ಉಣ್ಣುವಾಗ ನನಗೆ ಒಂದು ಯೋಚನೆ ಬಂತು. ಎಲ್ಲಿಂದ ಬಂತು ಎಂದು ಕೇಳಿದರೆ ದೇವರ ಗೂಡಿನ ಕಡೆ ಕೈ ತೋರಿಸುತ್ತೇನೆ, ಬೇರೆ ಗೊತ್ತಿಲ್ಲ.

ಮದುವೆ ಮುಂಜಿಗೆ ಹಾಸಲು ತೆಗೆದಿಟ್ಟಿದ್ದ ಒಂದು ಒಳ್ಳೆಯ ಚಾದರ ತಂದು ಮಂಚಕ್ಕೆ ಹಾಸಿದೆ. ದೀಪಕ್ಕೆ ಎಣ್ಣೆ ಹಾಕಿ ಬಂದೆ. ಅವಳು ನೋಡುತ್ತಿರುವಂತೆಯೇ ಆ ಮಂಚದ ಮೇಲೆ ಕಾಲು ಚಾಚಿ ಮಲಗಿದೆ.

"ಅಯ್ಯೋ ಅಕ್ಕ! ಎಂತ ಮಾಡ್ತೀರಿ? ಏಳಿ, ಏಳಿ!"

"ಏಳುತ್ತೇನೆ. ಅದಕ್ಕೇ ಮಲಗಿದ್ದು. ನೀನು ಅಲ್ಲೇ ಕೂತು ನೋಡು."

ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, ಹತ್ತು ಸಲ ದೇವರ ಹೆಸರು ಹೇಳಿ ಎದ್ದುಬಿಡುವುದು ಎಂದುಕೊಂಡಿದ್ದೆ. ಬೆಳಗ್ಗಿನಿಂದ ನಿಂತೇ ಇದ್ದ ಕಾಲು, ಹಿಂದಿನ ದಿನ ಕ್ಲಬ್ಬಿನ ಕಣ್ಣಿನ ಶಿಬಿರಕ್ಕೆ ಅವಲಕ್ಕಿ ಒಗ್ಗರಿಸಿದ ಸೊಂಟ. ಹೆಸರು ಎಲ್ಲಿಯವರೆಗೆ ಹೇಳಿದೆನೋ ನೆನಪಿಲ್ಲ. ನನಗೆ ನಿದ್ದೆ ಬಂದುಬಿಟ್ಟಿತು. ಎಂಥ ನಿದ್ದೆ! ಯಾರೋ ಭುಜ ಹಿಡಿದು ಅಲ್ಲಾಡಿಸಿದರು.

"ಅಕ್ಕ, ಏಳಿ ಅಕ್ಕ, ಟೆಂಪೋದವ ಹೊರಗಿಂದ ಬೈತಾ ಇದ್ದಾನೆ. ನೀವು ಗೊರಕೆ ಬೇರೆ ಹೊಡೀತೀರಿ."

ಎದ್ದು ಕೂತೆ, ಕಾಲು ಕೆಳಗಿಟ್ಟೆ, ನಿಂತೆ. "ನೋಡಿದೆಯಾ? ಇದರಲ್ಲಿ ಕಡೆಗೆ ಮಲಗಿದವಳು ಎದ್ದು ನಿಂತಿದ್ದಾಳೆ. ಇನ್ನು ಯಾರಾದರೂ ಕೇಳಿದರೆ ಹಾಗೇ ಹೇಳು," ಎಂದೆ.

ಅವಳಿಗೆ ನಗು ಬಂತು. ನಗುವಿನ ಜೊತೆ ಅಳುವೂ ಬಂತು. ಮಂಚದ ಒಂದು ತುದಿಯನ್ನು ತಾನೇ ಹಿಡಿದಳು, ಇನ್ನೊಂದನ್ನು ಬೈಯುತ್ತಲೇ ಟೆಂಪೋದವನು ಹಿಡಿದ.

ಅವಳೇನೋ ಸಮಾಧಾನದಲ್ಲಿ ಹೋದಳು. ಟೆಂಪೋ ತಿರುವು ದಾಟಿದ ಮೇಲೆ ನನಗೆ ಹೆದರಿಕೆ ಶುರುವಾಯಿತು. ನಾನೇನು ಮಾಡಿದೆ? ಆ ಮನುಷ್ಯ ಏಳುತ್ತಾನೆ ಎಂದು ದೇವರ ದೀಪದ ಎದುರು ನಾನೇ ಮಾತು ಕೊಟ್ಟ ಹಾಗಾಯಿತಲ್ಲ? ನನ್ನನ್ನು ನಂಬಿ ಅವಳು ಮಂಚವನ್ನು ಹೊಸ್ತಿಲು ದಾಟಿಸಿದ್ದಾಳೆ. ಅಂದಿನಿಂದ ಪ್ರತಿ ಸಂಕಷ್ಟಿಗೆ ಟಿಟ್ವಾಲಾದ ಗಣಪತಿಗೆ ಹೋದಾಗ ನನ್ನ ಮನೆಯವರ ಹೆಸರಿಗಿಂತ ಮೊದಲು ಆ ಮನುಷ್ಯನ ಹೆಸರು ಹೇಳುತ್ತಿದ್ದೆ. ಫೋನಿನಲ್ಲಿ ಅವಳು ಸಣ್ಣ ಸಣ್ಣ ಸುದ್ದಿ ಕೊಡುತ್ತಿದ್ದಳು. ಇವತ್ತು ಕೆಮ್ಮಲಿಲ್ಲ. ಇವತ್ತು ಗಂಜಿಯ ಜೊತೆ ಬಾಳೆಹಣ್ಣು ಹಿಸುಕಿ ಕೊಟ್ಟೆ. ಇವತ್ತು "ಹೂಂ" ಎಂದರು. ಪ್ರತಿಯೊಂದನ್ನೂ ನಾನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಿದ್ದೆ. ಆಮೇಲೆ ಮಳೆ ಜೋರಾಯಿತು, ಅವರಿಗೆ ಜ್ವರ ಬಂತು ಎಂದಳು. ಅದರ ನಂತರ ಕೆಲವು ವಾರ ಫೋನಿಲ್ಲ. ಕೇಳಲು ನನಗೂ ಧೈರ್ಯ ಬರಲಿಲ್ಲ.

ಹೀಗಿರುವಾಗ ಬಂದದ್ದು ಆ ಹುಡುಗಿಯ ಫೋನು.

ಕುಕ್ಕರಿನ ಗ್ಯಾಸು ಆರಿಸಿ, ಅಧ್ಯಕ್ಷರಿಗೆ ಫೋನು ಮಾಡಿದೆ. ಮಂಚ ಇವತ್ತೇ ತೆಗೆದುಕೊಂಡು ಹೋಗಲು ಹೇಳಿದ್ದಾರೆ, ನಿಮಗೇನಾದರೂ ಗೊತ್ತಾ ಎಂದು ಕೇಳಿದೆ. ಆ ಕಡೆಯಿಂದ ಒಂದು ಉಸಿರು ಕೇಳಿಸಿತು. "ಅಯ್ಯೋ ದೇವರೇ. ಹೋದನಾ," ಎಂದರು. "ಗೊತ್ತಿಲ್ಲ, ಅವರು ಹಾಗೆ ಹೇಳಲಿಲ್ಲ," ಎನ್ನುವಷ್ಟರಲ್ಲಿ ಫೋನು ಇಟ್ಟಾಗಿತ್ತು.

ಆಗ ಎಲ್ಲರ ಫೋನುಗಳಲ್ಲಿ ಗ್ರೂಪುಗಳು ಹೊಸತಾಗಿ ಶುರುವಾಗಿದ್ದವು, ಕ್ಲಬ್ಬಿನದ್ದೂ ಒಂದಿತ್ತು. ನಾನು ತಲೆಗೆ ಬಾಚಣಿಗೆ ಹಾಕುವಷ್ಟರಲ್ಲಿ ಆಫೀಸಿನಿಂದ ನಮ್ಮವರ ಫೋನು.

"ಕೇಳಿತಾ? ಶಹಾಡಿನವರು ಹೋದರಂತಲ್ಲ. ಗ್ರೂಪಿನಲ್ಲಿ ಎಲ್ಲರೂ ಓಂ ಶಾಂತಿ, ಓಂ ಶಾಂತಿ ಅಂತ ಕೈಮುಗಿದಿದ್ದಾರೆ. ಬದಲಾಪುರದವನೊಬ್ಬ ದೊಡ್ಡ ಗುಲಾಬಿಯ ಫೋಟೋ ಹಾಕಿದ್ದಾನೆ."

"ನೀವೂ ಹಾಕಿದಿರಾ?"

"ಹಾಕಿದೆ. ಎಲ್ಲರೂ ಹಾಕುವಾಗ ನಾನೊಬ್ಬ ಹಾಕದಿದ್ದರೆ ಹೇಗೆ?"

"ಯಾರು ಹೇಳಿದ್ದು ನಿಮಗೆ ಹೋದರು ಅಂತ?"

"ಮಂಚ ವಾಪಸ್ ಬರ್ತಾ ಉಂಟಂತಲ್ಲ," ಎಂದರು ನಮ್ಮವರು, ಅಷ್ಟು ಸಾಕು ಎನ್ನುವ ಹಾಗೆ. ನಿಜ ಹೇಳಬೇಕೆಂದರೆ ನನಗೂ ಅಷ್ಟು ಸಾಕಾಗಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಮಾತ್ರ ಸಿದ್ಧಳಿರಲಿಲ್ಲ.

ಸೊಪ್ಪಿನ ಮೇಲೆ ಒದ್ದೆ ಬಟ್ಟೆ ಮುಚ್ಚಿ ಹೊರಟೆ. ಸ್ಟೇಷನ್ನಿನ ಎದುರು ಹಣ್ಣಿನ ಗಾಡಿಯ ಹತ್ತಿರ ನನ್ನ ಕಾಲು ನಿಂತಿತು. ರೋಗಿಯನ್ನು ನೋಡಲು ಹೋಗುವಾಗ ಹಣ್ಣು ಒಯ್ಯಬೇಕು. ಸಾವಿನ ಮನೆಗೆ ಬರಿಗೈಯಲ್ಲಿ ಹೋಗಬೇಕು. ನಾನು ಹೋಗುತ್ತಿರುವುದು ಯಾವ ಮನೆಗೆ? ಹಣ್ಣು ತೆಗೆದುಕೊಂಡು ಹೋಗಿ ಅಲ್ಲಿ ಬಾಗಿಲ ಮುಂದೆ ಚಪ್ಪಲಿಗಳ ರಾಶಿ ಕಂಡರೆ ಆ ಚೀಲವನ್ನು ಎಲ್ಲಿ ಅಡಗಿಸಲಿ? ತೆಗೆದುಕೊಳ್ಳದೆ ಹೋದರೆ ಅವರನ್ನು ನಾನೇ ಕಳಿಸಿಕೊಟ್ಟ ಹಾಗೆ.

"ಕಾಯ್ ದೇಊ ತಾಈ?" ಏನು ಕೊಡಲಿ ಎಂದ ಗಾಡಿಯವನು. ನಾನು ಒಂದು ಮೊಸಂಬಿ ಎತ್ತಿ ತಿರುಗಿ ಅಲ್ಲೇ ಇಟ್ಟೆ. "ಘ್ಯಾಯಚಂ ನಸೇಲ ತರ ಬಾಜೂಲಾ ವ್ಹಾ," ಕೊಳ್ಳುವುದಿಲ್ಲವಾದರೆ ಬದಿಗೆ ಸರಿಯಿರಿ ಎಂದ.

"ದೇ, ಮೊಸಂಬಿ ದೇ," ಎಂದೆ. ಅವನು ತೂಗಿ ಚೀಲಕ್ಕೆ ಹಾಕಿದ. ಆ ಭಾರ ಕೈಗೆ ಬಂದಾಗ ಏನೋ ಸ್ವಲ್ಪ ಧೈರ್ಯವಾಯಿತು.

ಟಿಟ್ವಾಲಾ ಲೋಕಲ್ ತಕ್ಷಣ ಸಿಕ್ಕಿತು, ಮಳೆಗಾಲದಲ್ಲಿ ಅದೂ ಒಂದು ಕೃಪೆಯೇ. ಲೇಡೀಸ್ ಡಬ್ಬಿಯಲ್ಲಿ ಕೂರಲು ಜಾಗವೂ ಸಿಕ್ಕಿತು. ಮಡಿಲಲ್ಲಿ ಚೀಲ ಇಟ್ಟುಕೊಂಡು ನಾಮ ಹೇಳುತ್ತ ಕೂತೆ. ಪಕ್ಕದ ಹೆಂಗಸು ಚೀಲ ನೋಡಿ, "ಯಾರಿಗಾದರೂ ಹುಷಾರಿಲ್ಲವಾ?" ಎಂದು ಮರಾಠಿಯಲ್ಲಿ ಕೇಳಿದಳು. "ಹೌದು, ಹುಷಾರಿಲ್ಲ," ಎಂದೆ. ಹಾಗೆ ಹೇಳಲು ಸಿಕ್ಕಿದ್ದೇ ನನಗೆ ಹಿತವಾಯಿತು. ಹುಷಾರಿಲ್ಲ ಎಂದರೆ ಇದ್ದಾರೆ ಎಂದಲ್ಲವೇ. ಕಲ್ಯಾಣದಲ್ಲಿ ಅರ್ಧ ಡಬ್ಬಿ ಖಾಲಿಯಾಯಿತು. ಶಹಾಡಿಗೆ ಇಳಿದೆ.

ಸ್ಟೇಷನ್ನಿನಿಂದ ಅವರ ಚಾಳ್ ಎನ್ನುವ ವಠಾರಕ್ಕೆ ನಡೆದೇ ಹೋಗಬಹುದು. ಗಲ್ಲಿಯ ತಿರುವಿನಲ್ಲಿ ನಿಂತು ನೋಡಿದೆ. ಮೇಲಿನ ಮಾಳಿಗೆಯ ಕೊನೆಯ ಬಾಗಿಲು. ಕೆಳಗೆ ಜನ ಸೇರಿರಲಿಲ್ಲ. ಒಯ್ದು ಮುಗಿಸಿರಬಹುದು ಎಂದಿತು ಮನಸ್ಸು. ಮರದ ಮೆಟ್ಟಲು ಅರ್ಧ ಹತ್ತಿದೆ. ಆಗ ಮೂಗಿಗೆ ಬಂತು ಒಗ್ಗರಣೆಯ ವಾಸನೆ. ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಬೆಳ್ಳುಳ್ಳಿ. ಯಾರ ಮನೆಯದ್ದು? ಇನ್ನೆರಡು ಮೆಟ್ಟಲು ಹತ್ತಿದೆ. ವಾಸನೆ ಕೊನೆಯ ಬಾಗಿಲಿನಿಂದಲೇ ಬರುತ್ತಿತ್ತು, ಜೊತೆಗೆ ಮಿಕ್ಸಿಯ ಗರ್ರೆನ್ನುವ ಸದ್ದು.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು ಗಂಜಿ ತಂದುಕೊಡುತ್ತಾರೆ, ಒಗ್ಗರಣೆಯ ಮಾತಂತೂ ಇಲ್ಲವೇ ಇಲ್ಲ. ಬೆಳ್ಳುಳ್ಳಿ ಒಗ್ಗರಣೆಯ ಮನೆಯಲ್ಲಿ ಎಲ್ಲರೂ ಬದುಕಿದ್ದಾರೆ! ಅಲ್ಲಿಯೇ ಮೆಟ್ಟಲಿನಲ್ಲಿ ಕೂತೆ. ಮೇಲೆ ಹೋಗುವವಳೊಬ್ಬಳು "ಕಾಯ್ ಝಾಲಂ ಮಾವಶೀ?" ಎಂದು ಕೇಳಿದಳು. ಏನೂ ಆಗಲಿಲ್ಲ, ಏನೂ ಆಗಲಿಲ್ಲ ಎಂದು ಕೈ ಆಡಿಸಿದೆ.

ಬಾಗಿಲು ತೆರೆದಿತ್ತು. ಬಾಗಿಲ ಪಕ್ಕ ಪ್ಲಾಸ್ಟಿಕ್ಕಿನ ಕುರ್ಚಿಯಲ್ಲಿ ಅವರು ಕೂತಿದ್ದರು. ಕೂತಿದ್ದರು! ಲುಂಗಿ, ಬನಿಯನ್ನು, ಮುಂದೆ ಒಂದು ವಾಕರು. ಎಡಗೈಯಲ್ಲಿ ಪೇಪರು ಹಿಡಿದಿದ್ದರು. ನನ್ನನ್ನು ನೋಡಿ ಒಂದೇ ಬದಿಯ ತುಟಿಯಲ್ಲಿ ನಕ್ಕರು.

"ಬ...ನ್ನಿ ಅಕ್ಕ," ಎಂದರು. ಮಾತು ಸ್ವಲ್ಪ ತೊದಲುತ್ತಿತ್ತು, ಆದರೆ ಮಾತೇ.

ಮಿಕ್ಸಿ ನಿಂತಿತು. ಅವಳು ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು. "ಅಕ್ಕ! ಟೆಂಪೋ ಮಾತ್ರ ಬರ್ತದೆ ಅಂದುಕೊಂಡೆ, ನೀವೇ ಬಂದಿರಾ? ಎಂತಕ್ಕೆ ಮುಖ ಹೀಗೆ ಮಾಡಿದ್ದೀರಿ?"

"ಫೋನು ಯಾಕೆ ಎತ್ತಲಿಲ್ಲ ನೀನು?" ನನ್ನ ಧ್ವನಿ ಜೋರಾಗಿಯೇ ಬಂತು.

"ಈ ಮಿಕ್ಸಿಯಲ್ಲಿ ಎಂತ ಕೇಳ್ತದೆ? ಮಗಳು ಹೇಳಲಿಲ್ಲವಾ?"

"ನಿನ್ನ ಮಗಳು 'ಪಪ್ಪಾ ಕಾ' ಅಂತ ಹೇಳಿ ಸುರಂಗದೊಳಗೆ ಹೋದಳು!"

ಅರ್ಥವಾದ ಮೇಲೆ ಅವಳು ಬಾಯಿಗೆ ಕೈ ಅಡ್ಡ ಇಟ್ಟಳು. ಆಗಿದ್ದಿಷ್ಟೇ. ಜ್ವರ ಬಿಟ್ಟಿತ್ತು. ಹಿಂದಿನ ದಿನ ಬಂದ ವ್ಯಾಯಾಮದ ಡಾಕ್ಟರು, ಇನ್ನು ಈ ಮಂಚ ಇದ್ದರೆ ಇವರು ಸೋಮಾರಿಯಾಗುತ್ತಾರೆ, ಮಾಮೂಲು ಮಂಚದಿಂದ ತಾವೇ ಎದ್ದು ಕೂರಬೇಕು, ಊಟವೂ ಕುರ್ಚಿಯಲ್ಲೇ ಆಗಲಿ, ಇದನ್ನು ಕಳಿಸಿಬಿಡಿ ಎಂದರಂತೆ. ಒಂದೇ ಕೋಣೆಯಲ್ಲಿ ಎರಡು ಮಂಚಕ್ಕೆ ಜಾಗ ಇಲ್ಲ, ಅದಕ್ಕೇ ಇವತ್ತೇ ಎಂದು ಅವಸರ ಮಾಡಿದ್ದು. ಮಗಳ ಫೋನಿನ ಬ್ಯಾಟರಿ ಬೆಳಗ್ಗೆಯೇ ಮುಗಿಯುತ್ತ ಬಂದಿತ್ತಂತೆ.

ಮೊಸಂಬಿ ಚೀಲವನ್ನು ಅವಳ ಕೈಗೆ ಕೊಟ್ಟೆ. ಕೊಡಲು ಸಿಕ್ಕಿತಲ್ಲ, ಅಷ್ಟು ಸಾಕು. ಚಾಪೆಯ ಮೇಲೆ ಕೂತು ಒಂದು ಲೋಟ ನೀರು ಕೇಳಿದೆ. ನೀರು ಕುಡಿಯುವಾಗ ನೆನಪಾಯಿತು, ಗ್ರೂಪು! ಅಧ್ಯಕ್ಷರಿಗೆ ಹೇಳಬೇಕು ಎಂದು ಫೋನು ತೆಗೆಯುವಷ್ಟರಲ್ಲಿ ಮೆಟ್ಟಲಿನಲ್ಲಿ ಬಹಳ ಕಾಲುಗಳ ಸದ್ದು.

ಮುಂದೆ ಅಧ್ಯಕ್ಷರು, ಬಿಳಿ ಶರ್ಟು, ಬಿಳಿ ಪ್ಯಾಂಟು. ಹಿಂದೆ ಕ್ಲಬ್ಬಿನ ಮೂವರು, ಅವರೂ ಬಿಳಿಯೇ. ಒಬ್ಬರ ಕೈಯಲ್ಲಿ ಕಾಗದದಲ್ಲಿ ಸುತ್ತಿದ ದೊಡ್ಡ ಸುಗಂಧರಾಜದ ಹಾರ. ಚಪ್ಪಲಿ ಬಿಚ್ಚಿ, ತಲೆ ತಗ್ಗಿಸಿ, ಎರಡು ಕೈ ಮುಗಿದುಕೊಂಡೇ ಒಳಗೆ ಬಂದರು. ತಲೆ ಎತ್ತಿದಾಗ ಮುಂದೆ ಕುರ್ಚಿಯಲ್ಲಿ ಅವರ ಗಲ್ಲದ ಮನುಷ್ಯ ಪೇಪರು ಹಿಡಿದು ಕೂತಿದ್ದರು.

ಅಧ್ಯಕ್ಷರ ಕೈ ಮುಗಿದಂತೆಯೇ ನಿಂತಿತ್ತು.

ಕುರ್ಚಿಯಲ್ಲಿದ್ದವರು ಅವರ ಬಟ್ಟೆ ನೋಡಿದರು, ಹಾರ ನೋಡಿದರು, ನನ್ನ ಮುಖ ನೋಡಿದರು. ಗಿರಾಕಿಗಳ ಮುಖ ಓದಿ ಅಭ್ಯಾಸ ಇದ್ದವರು, ಎಲ್ಲ ತಿಳಿದುಹೋಯಿತು. ಒಂದೊಂದೇ ಶಬ್ದ ಎಳೆದು ತಂದು ಕೇಳಿದರು:

"ಧಣಿ... ಎರಡು ನಿಮಿಷ ಮೌನ... ಆಯ್ತಾ? ಬಾಕಿ ಉಂಟಾ?"

ಅಧ್ಯಕ್ಷರು ಹೋಗಿ ಅವರ ಕಾಲ ಹತ್ತಿರ ನೆಲದಲ್ಲೇ ಕೂತು, ಮೊಣಕಾಲು ಹಿಡಿದುಕೊಂಡು, "ಮಾರಾಯ, ಮಾರಾಯ," ಎಂದು ಅಷ್ಟೇ ಹೇಳುತ್ತಿದ್ದರು. ಬಿಳಿ ಪ್ಯಾಂಟು ಮಣ್ಣಾಯಿತು. ಆಮೇಲೆ ಸುಧಾರಿಸಿಕೊಂಡು, ಹಾರ ಹಿಡಿದವರ ಕಡೆ ತಿರುಗಿ, "ಎಂತ ನೋಡ್ತೀರಿ? ಸನ್ಮಾನಕ್ಕೆ ತಂದದ್ದಲ್ಲವಾ, ಹಾಕಿ ಅವನಿಗೆ," ಎಂದರು.

"ಬೇಡ!" ಎಂದು ನಾನು ಎದ್ದೆ. ಕುರ್ಚಿಯ ಹತ್ತಿರ ಹೋಗುತ್ತಿದ್ದ ಹಾರವನ್ನು ನಾನೇ ಕೈಯಿಂದ ತೆಗೆದುಕೊಂಡೆ. ಯಾವ ಯೋಚನೆಯಿಂದ ತಂದದ್ದೋ ಅದು ಬದುಕಿದವರ ಕೊರಳಿಗೆ ಬೇಡ. ಯಾರಿಗೂ ಹಾಕದ ಹೂವು, ದೇವರಿಗೆ ಸಲ್ಲುತ್ತದೆ. ಗೋಡೆಯಲ್ಲಿ ಅವರ ಊರಿನ ದೇವಿಯಮ್ಮನ ಫೋಟೋ ಇತ್ತು. ಹಾರ ಫೋಟೋಕ್ಕಿಂತ ದೊಡ್ಡದು, ಎರಡು ಸುತ್ತು ಹಾಕಬೇಕಾಯಿತು.

ಗ್ರೂಪಿಗೆ ಏನು ಬರೆಯುವುದು ಎಂದು ಆ ನಾಲ್ವರಲ್ಲಿ ಚರ್ಚೆಯಾಯಿತು. "ಇದ್ದಾರೆ ಅಂತ ಬರೀರಿ," ಎಂದು ಅವಳು ಒಳಗಿನಿಂದ ಹೇಳಿದಳು, "ಬರೀಲಿಕ್ಕೆ ಎಂತ ಕಷ್ಟ?" ಬರೆದರು. ಓಂ ಶಾಂತಿ ಕಳಿಸಿದವರೇ ಒಬ್ಬೊಬ್ಬರಾಗಿ ಚಪ್ಪಾಳೆ ಕಳಿಸಿದರು. ಬದಲಾಪುರದವರು ಅದೇ ಗುಲಾಬಿಯನ್ನು ಇನ್ನೊಮ್ಮೆ ಹಾಕಿದರಂತೆ. ಫೋಟೋ ತೆಗೆಯೋಣ ಎಂದರೆ ಆ ದಿನ ಯಾರೂ ಬ್ಯಾನರು ತಂದಿರಲಿಲ್ಲ. ಇಷ್ಟು ವರ್ಷದಲ್ಲಿ ನಿಜವಾಗಿ ಫೋಟೋ ತೆಗೆಯಬೇಕಾದ ದಿನ ಅದೊಂದೇ ಎಂದು ನಾನು ಹೇಳಿದರೆ ಅಧ್ಯಕ್ಷರೇ ಮೊದಲು ನಕ್ಕರು.

ಅವಳು ಎಲ್ಲರಿಗೂ ಊಟ ಬಡಿಸಿದಳು. ಒಗ್ಗರಣೆ ಬಿದ್ದದ್ದು ಹರಿವೆ ಸೊಪ್ಪಿನ ಸಾರಿಗೆ. ಅವಳ ಗಂಡ ಕುರ್ಚಿಯಲ್ಲಿ ನೆಟ್ಟಗೆ ಕೂತು, ಎಡಗೈಯಲ್ಲಿ ಚಮಚ ಹಿಡಿದು, ಪ್ರತಿ ತುತ್ತಿಗೂ ಗದ್ದ ಸ್ವಲ್ಪ ಕೆಳಗೆ ಮಾಡಿ ನಿಧಾನಕ್ಕೆ ನುಂಗುವುದನ್ನು ನೋಡುತ್ತ ನಾನು ಊಟ ಮಾಡಿದೆ. ನಾವು ದಿನಕ್ಕೆ ಎಷ್ಟು ಸಲ ನುಂಗುತ್ತೇವೆ, ಒಂದು ಸಲವಾದರೂ ದೇವರಿಗೆ ಕೈಮುಗಿದಿದ್ದೇವೆಯೇ?

ಮಂಚವನ್ನು ಆ ಬಿಳಿ ಬಟ್ಟೆಯವರೇ ಇಳಿಸಿದರು. ಎತ್ತಲು ಜನ ಸಿಕ್ಕಿದ್ದು ಅದೇ ಮೊದಲು. ಇಳಿಸುವ ಮುಂಚೆ ಅವಳು ಅದಕ್ಕೆ ಅರಸಿನ ಕುಂಕುಮ ಹಚ್ಚಿ, ಆ ಹಾರದಿಂದ ಒಂದು ಹೂವು ಬಿಡಿಸಿ ಹ್ಯಾಂಡಲಿಗೆ ಸಿಕ್ಕಿಸಿದಳು. "ಅಕ್ಕ, ಮುಂದೆ ಇದು ಯಾರ ಮನೆಗೆ ಹೋಗ್ತದೋ, ಅವರು ಹೆದರಿದರೆ ನನ್ನ ನಂಬರು ಕೊಡಿ. ಇವರೇ ಮಾತಾಡ್ತಾರೆ."

"ನಾನು... ಬೇಕಾದಷ್ಟ್...ಮಾತಾಡ್ತೇನೆ," ಎಂದರು ಕುರ್ಚಿಯಲ್ಲಿದ್ದವರು.

ಅಧ್ಯಕ್ಷರು ಕರೆಸಿದ ಟೆಂಪೋದಲ್ಲಿ ಡ್ರೈವರನ ಪಕ್ಕ ಕೂತು ಡೊಂಬಿವಲಿಗೆ ಬಂದೆ. ಮಳೆ ನಿಂತು ಸ್ವಲ್ಪ ಬಿಸಿಲು ಬಂದಿತ್ತು. ಮಂಚವನ್ನು ಹಿಂದೆ ಶೀಟಿನ ಕೆಳಗೆ ಇಡಿಸಿದೆ. ನಮ್ಮವರು ಆಫೀಸಿನಿಂದ ಬೇಗ ಬಂದವರು, ಬಾಗಿಲಲ್ಲೇ ನಿಂತು, "ನಾನು ಹಾಕಿದ ಓಂ ಶಾಂತಿ ಅಳಿಸಲಿಕ್ಕೆ ಆಗುವುದಿಲ್ಲವಂತೆ," ಎಂದು ಮುಖ ಸಣ್ಣದು ಮಾಡಿ ಹೇಳಿದರು. "ಇರಲಿ ಬಿಡಿ, ನೂರು ವರ್ಷ ಆದ ಮೇಲೆ ಬೇಕಾಗ್ತದೆ," ಎಂದೆ. ಸಂಜೆಯ ದೀಪ ಇಟ್ಟೆ. ಆ ದಿನ ದೇವರ ಹತ್ತಿರ ಏನೂ ಕೇಳಲಿಲ್ಲ, ಸುಮ್ಮನೆ ನಿಂತೆ. ಎದೆಯ ಮೇಲೆ ಅಷ್ಟು ದಿನ ಕೂತಿದ್ದದ್ದು ಇಳಿದು ಹೋದ ಮೇಲೆ ಉಸಿರಾಡುವುದೇ ಒಂದು ಪೂಜೆಯ ಹಾಗಿತ್ತು.

ಮರುದಿನ ಬೆಳಗ್ಗಿನ ದೋಸೆಗೆ ಇನ್ನೂ ಅಕ್ಕಿ ನೆನೆಹಾಕಿರಲಿಲ್ಲ. ಡಬ್ಬಿಯಿಂದ ಅಳೆದು ತೆಗೆದು, ಉದ್ದು ಮೆಂತೆ ಸೇರಿಸಿ, ನಳ್ಳಿಯ ಕೆಳಗೆ ಪಾತ್ರೆ ಹಿಡಿದು ತೊಳೆಯತೊಡಗಿದೆ.